ದಿಡ್ಡಿಮನಿ ಯಮನೂರ

ಮೂರನೇ ಅಗಸಿಯ ನೆರಳಲ್ಲಿ ನಿಂತು ಹಾಜರಿ ತೆಗೆದೆ,
ಇಳಿಯುವ ಮುಂಚೆ ಎಣಿಸಬೇಕಲ್ಲ,
ಏಳನೇ ತರಗತಿಯ ಮೂವತ್ತೊಂದು ತಲೆ.
ಕಿಲ್ಲೇದಾರ ಮೈಮೂನಾ. ಹಾಜರ್ರಿ.
ಮದ್ದಿನ ಶೇಖವ್ವ. ಬತೇರಿ ಹುಲಗಪ್ಪ. ನಗಾರಿ ಮೌಲಾ.
ಅರ್ಧಕ್ಕೆ ಬಂದಾಗ ಹೊಳೆಯಿತು:
ಕೋಟೆಯ ಪಡೆ ಪೂರಾ
ನೀಲಿ ಯೂನಿಫಾರ್ಮಿನಲ್ಲಿ, ಹವಾಯಿ ಚಪ್ಪಲಿಯಲ್ಲಿ,
ಬುತ್ತಿಗಂಟು ಹಿಡಿದು ನಿಂತಿದೆ.

ಮೇಲೇನೂ ಉಳಿದಿಲ್ಲ.
ಕಣಜದ ಬಾಯಿಗೆ ಕಬ್ಬಿಣದ ಜಾಳಿಗೆ, ಒಡೆದ ಬಾಟಲಿ,
ತೋಪು ಕೂತಿದ್ದ ಕಡೆ ಒಂದು ದುಂಡು ಸವಕಳಿ.
ಯಾವ ದೊರೆ, ಎಷ್ಟನೇ ಶತಮಾನ, ಎಲ್ಲ ಹೇಳಿದೆ;
ಯಾರೂ ಬರೆದುಕೊಳ್ಳಲಿಲ್ಲ.

ಕಾವಲಿನ ಮರ್ದಾನಸಾಬ ಹೇಳಿದ್ದನ್ನು ಮಾತ್ರ
ಬಾಯಿ ತೆರೆದು ಕೇಳಿದ್ದರು:
‘ಎಂಟು ತಿಂಗಳ ಮುತ್ತಿಗಿ. ಗ್ವಾಡಿದು ಒಂದು ಕಲ್ಲು ಅಲಗಲಿಲ್ಲ.
ಕಡೀಕ ಒಬ್ಬಾವ ರಾತ್ರಿ ಎದ್ದು ದಿಡ್ಡಿ ತಗದ.
ಎಷ್ಟು ಹೊನ್ನು ತಿಂದಿದ್ದನೋ, ಆ...’
ನನ್ನನ್ನು ನೋಡಿ ಬೈಗುಳ ನುಂಗಿದ.

ದಿಡ್ಡಿಮನಿ ಯಮನೂರ.
ಉತ್ತರವಿಲ್ಲ.
ಮೂವತ್ತು ಮುಖ ಒಟ್ಟಿಗೆ ತಿರುಗಿದವು.
ಮತ್ತೆ ಕರೆದೆ. ನನ್ನ ದನಿ ನನಗೇ
ಪಂಚಾಯ್ತಿ ಕಟ್ಟೆಯದೆನಿಸಿತು.

ಬತ್ತಿದ ಹೊಂಡದ ಮೆಟ್ಟಿಲ ಮೇಲೆ ಕುಂತು
ನೀರಿಳಿದ ಗುರುತುಗಳನ್ನು ಬೆರಳಲ್ಲಿ ಎಣಿಸುತ್ತಿದ್ದ,
ಬಂಡೆಗೆ ಒಂದರ ಕೆಳಗೊಂದು ಬಿಳಿ ಗೆರೆ.
‘ಸರ್,’ ಅಂದ, ತಿರುಗದೆ,
‘ಎಂಟು ತಿಂಗಳಾ ಅಂದ್ರ
ನಡುವ ಬ್ಯಾಸಗಿ ಬಂದಿರತೈತಲ್ರಿ?’

ಮರ್ದಾನಸಾಬ ಕಿವಿಯ ಬೀಡಿ ತೆಗೆದು
ಮತ್ತೆ ಕಿವಿಗೇ ಇಟ್ಟ.
ನಾನು ಹೆಸರಿನ ಮುಂದೆ ಟಿಕ್ಕು ಹಾಕಿದೆ.

ದೊಡ್ಡ ಅಗಸಿಗೆ ಇಲಾಖೆಯ ಬೀಗ.
ಇಳಿಯುವ ದಾರಿ ಈಗ ದಿಡ್ಡಿಯದೊಂದೇ,
ಒಬ್ಬೊಬ್ಬರೇ ಬಗ್ಗಿ ಹೋಗಬೇಕು,
ಕಿಲ್ಲೇದಾರಳೂ.