ಪೋಟಖರಾಬ

ಗುಂಡಿ ತೋಡುವಾಗ ಬಿಸಿಲಿಗೆ ಎದುರಾದ ಗೋಡೆ ಉಳಿಸಬೇಕು,
ಮಣ್ಣಿನ ಮುಖ ಓದುವುದು ಅಲ್ಲಿ.
ಅಮಸಿದ್ಧ ಹಾರೆ ಹಾಕಿದ. ಐದು ಅಡಿ ಇಳಿಯುವಷ್ಟರಲ್ಲಿ ಮಧ್ಯಾಹ್ನ.
ಉಮದಿಯ ಆಚೆ, ಜತ್ತ ತಾಲೂಕಿನ ತುದಿ,
ಗಟ್ ನಂಬರು ನಾಲ್ಕು ನೂರಾ ಹನ್ನೊಂದು.
ಉತಾರದಲ್ಲಿ ಮರಾಠಿ, ಬದುವಿನ ಮೇಲೆ ಕನ್ನಡ.
ಲಗಮವ್ವ ಸೆರಗು ಬಿಗಿದು ಗುಂಡಿಯ ಅಂಚಿಗೆ ಕೂತು
ಹಲ್ಲು ಕೀಳುವ ಡಾಕ್ಟರನ್ನು ನೋಡುವ ಹಾಗೆ
ನನ್ನನ್ನು ನೋಡುತ್ತಿದ್ದಳು.

ಮೊದಲ ಗೇಣು: ಸಡಿಲು, ಜೋಳದ ಬೇರು, ಕುರಿಹಿಕ್ಕೆಯ ಹುಡಿ.
ಬಣ್ಣದ ಪುಸ್ತಕ ತೆರೆದು ಹೆಂಟೆಯನ್ನು ಪಕ್ಕಕ್ಕೆ ಹಿಡಿದೆ.
"ಏನಂತತಿ ಪುಸ್ತಕ?"
"ಬಹಳ ಗಾಢ ಬೂದು."
"ಬೂದಿ ಯಾಕವ್ವ, ಎರಿ ಅನ್ನು.
ಹಸಿ ಆದಾಗ ನೋಡು, ಎಮ್ಮಿ ಮೈ."
ನೀರು ಚಿಮುಕಿಸಿ ಬೆರಳ ನಡುವೆ ತೀಡಿದೆ,
ಪಟ್ಟಿ ಎರಡು ಇಂಚು ಬಂದು ಜೋತು ಬಿತ್ತು.
ಲಗಮವ್ವನೂ ತೀಡಿದಳು. ಅವಳದು ಮೂರು ಇಂಚು.
ನಾನು ನನ್ನ ಅಳತೆಯನ್ನೇ ಬರೆದುಕೊಂಡೆ.

ಆಸಿಡ್ ಹನಿಗೆ ಎರಡನೆಯ ಪದರ ಬುಸುಗುಟ್ಟಿತು,
ಹಾವೋ ಎಂದು ಅಮಸಿದ್ಧ ಹಿಂದೆ ಸರಿದ.
ಅದರ ಕೆಳಗೆ ಎಣ್ಣೆ ಸವರಿದಂಥ ಜಾರುಮೈ:
ಬೇಸಿಗೆಗೆ ಬಾಯಿ ಬಿಟ್ಟು, ಮಳೆಗೆ ಉಬ್ಬಿ,
ತನ್ನನ್ನೇ ನುಂಗಿ ಮಗುಚಿಕೊಳ್ಳುವ ಮಣ್ಣು.

"ನುಂಗತೈತಿ, ಖರೆ. ನನ್ನ ಟ್ರಂಕಿನ ಕೀಲಿಕೈ ನುಂಗೈತಿ,
ಶಿವರಾತ್ರಿ ಮುಂದ, ಬಿರಿಕಿನ್ಯಾಗ ಬಿತ್ತು.
ಕೋಲು ಬಿಟ್ಟೆ, ತಂತಿ ಬಿಟ್ಟೆ.
ಕಡೀಕ ಕೀಲಿ ಒಡದು ತಗದ್ರ
ಒಳಗ ಏನೂ ಇರಲಿಲ್ಲ ಬಿಡು."

ಕೀಲಿಕೈ ಸಿಗಲಿಲ್ಲ. ಎರಡೂವರೆ ಅಡಿಯಲ್ಲಿ
ಚಾಕುವಿಗೆ ಟಿಣ್ ಎಂದದ್ದು ಬಳೆಚೂರು.
ಉಗುಳು ಹಚ್ಚಿ ಒರೆಸಿ ಬಿಸಿಲಿಗೆ ಹಿಡಿದಳು.
"ನಂದಲ್ಲ. ಈ ಹಸರ ನಾ ಎಂದೂ ಇಟ್ಟಿಲ್ಲ.
ನಮ್ಮತ್ತಿಗಿ ಇದಽ ಬೇಕಿತ್ತು."
ಫಾರಮಿನಲ್ಲಿ ಒಂದು ಕಾಲಮ್ಮಿದೆ, ಮನುಷ್ಯರ ಕುರುಹು.
ಗಾಜು, ಒಂದು, ಎಂದು ಬರೆದೆ.

ಮೇಲಿನ ತುಂಡು ಒಂದೆಕರೆ ನಾಲ್ಕು ಗುಂಟೆ ಪೋಟಖರಾಬ.
ಹೊಟ್ಟೆ ಕೆಟ್ಟದ್ದು ಎಂದು ಸಣ್ಣವಳಿದ್ದಾಗ ತಿಳಿದಿದ್ದೆ,
ಹೊಲಕ್ಕೆ ಓಮಿನಕಾಳು ಕೊಡಬಾರದೇ ಎಂದು ಅಪ್ಪನನ್ನು ಕೇಳಿದ್ದೆ.
ಅರ್ಧ ಗೇಣು ಮಣ್ಣು, ಆಮೇಲೆ ಗರಸು, ಆಮೇಲೆ ಕರಿಕಲ್ಲು.
ಹುಲ್ಲು, ಎರಡು ಜಾಲಿ, ಒಂದು ಕೌಜುಗದ ಗೂಡು.
ಅಮಸಿದ್ಧನಿಗೆ ಅಲ್ಲಿ ಜೆಸಿಬಿ ಬಿಡಬೇಕು,
ಕೆಳಗಿನ ಎರಿ ಹೊತ್ತು ಮೇಲೆ ಹಾಸಬೇಕು, ಕಬ್ಬು ಹಚ್ಚಬೇಕು.
"ಕಾಲುವಿ ಬರೂದು ಖರೆ ಹೌದಲ್ಲ, ಮೇಡಂ?"

ಮೂರನೆಯ ಪದರ ನನ್ನ ನಾಲಿಗೆಯ ಮೇಲೆ ಇನ್ನೂ ಇತ್ತು
(ಮಣ್ಣು ರುಚಿ ನೋಡಬೇಡಿರೆಂದು ಆಫೀಸಿನ ಸುತ್ತೋಲೆ).
ಉಪ್ಪು ಅಲ್ಲಿ ಮಲಗಿದೆ. ನೀರು ನಿಂತರೆ ಎದ್ದು ಬರುತ್ತದೆ,
ಹತ್ತು ವರ್ಷಕ್ಕೆ ಸವಳು, ಹದಿನೈದಕ್ಕೆ ಜವಳು.
ಕೃಷ್ಣೆಯ ದಂಡೆಗೆ ನಮ್ಮ ಮಾವನ ಹೊಲ ಈಗ ಬೆಳ್ಳಗಿದೆ,
ಹುಣ್ಣಿಮೆಯ ರಾತ್ರಿ ಚೆಂದ ಕಾಣುತ್ತದೆ.

ಹೇಳಿದೆ. ಅವನು ಗುಂಡಿಯೊಳಗೆ ಉಗುಳಿದ.
"ನೀರ ನೋಡದವರಿಗೆ ಉಪ್ಪಿನ ಅಂಜಿಕಿ ಹಾಕ್ತೀರಿ."
ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ, ಈಗಲೂ ಇಲ್ಲ.
ವರ್ಗ ಬರೆಯುವ ಚೌಕ ಒಂದು ಅಂಕಿಯಷ್ಟೇ ಅಗಲ.
ಎರಿಗೆ ಮೂರು. ಮೇಲಿನದಕ್ಕೆ ಆರು,
ಉಳಬೇಡಿ, ಹುಲ್ಲಿಗೆ ಬಿಡಿ, ಮಳೆ ಇಳಿಯುವುದು ಇಲ್ಲಿಂದ.
ಷರಾ ಬರೆಯಲು ಜಾಗ ಸಾಲದೆ
ಕಾಗದದ ಬೆನ್ನಿಗೂ ಬರೆದೆ.

ಮುಚ್ಚುವಾಗ ಲಗಮವ್ವ ಎದ್ದು ನಿಂತಳು.
"ಕೆಳಗಿಂದು ಕೆಳಗ, ಮ್ಯಾಲಿಂದು ಮ್ಯಾಲ. ಕಲಸಬ್ಯಾಡ."
ಸೂರ್ಯ ಇಳಿಯುವ ತನಕ ಮಾತಿಲ್ಲದೆ
ಅವನು ಪದರ ಪದರವಾಗಿ ಮುಚ್ಚಿದ.
ನಾನು ಮೂರು ಚೀಲ ಕಟ್ಟಿ ಚೀಟಿ ಹಚ್ಚಿದೆ,
ಒಂದರ ಬಾಯಿ ಅವಳು ಹಿಡಿದುಕೊಂಡಿದ್ದಳು.

ಸಾಂಗಲಿಯ ಲ್ಯಾಬಿನಲ್ಲಿ ಒಣಗಿಸಿ, ಕುಟ್ಟಿ,
ಎರಡು ಮಿಲಿಮೀಟರಿನ ಜರಡಿ ಹಿಡಿದೆ.
ಇಳಿದದ್ದು ಮಾತ್ರ ಮಣ್ಣು, ನಿಯಮ ಹಾಗಿದೆ.
ಮೇಲೆ ಉಳಿದದ್ದು ಸುಣ್ಣದ ಹರಳು,
ಬೇರಿನ ತುಂಡು,
ಹಸಿರು.