ಇರುವೆ ಸುಳ್ಳು, ಸಿಂಹ ನಿಜ

ಮೊದಲ ರಾತ್ರಿ ಯಾರೂ ಹೆದರುವುದಿಲ್ಲ.
ನಶೆ ಇನ್ನೂ ಮೈಯಲ್ಲಿ ಬಾಡಿಗೆಗಿರುತ್ತದೆ,
ವಾರ್ಡರ್ ಪುಟ್ಟಮಾದಯ್ಯನಿಗೇ ಬೀಡಿ ಕೇಳುತ್ತಾರೆ.
ಎರಡನೆಯ ರಾತ್ರಿ ಬೆವರು.
ಮೂರನೆಯದು ನನ್ನ ಪಾಳಿ.

ಬೋರಲಿಂಗನನ್ನು ತಂದದ್ದು ಸೋಮವಾರ.
ಮಳವಳ್ಳಿ ಕಡೆಯವನು, ಲಾರಿ ಕ್ಲೀನರ್,
ಪಂಪ್‌ಸೆಟ್ಟಿನ ತಾಮ್ರದ ತಂತಿ ಕದ್ದ ಕೇಸು.
ಎದ್ದ ಕೂಡಲೆ ಒಂದು ನೈಂಟಿ, ಮಲಗುವಾಗ ಒಂದು,
ನಡುವಿನದಕ್ಕೆ ಲೆಕ್ಕವಿಲ್ಲ.
ಎಷ್ಟು ವರ್ಷದಿಂದ ಎಂದರು ಲೂರ್ದುಮೇರಿ ಸಿಸ್ಟರು.
"ಮೀಸೆ ಬಂದಾಗಿಂದ" ಅಂದ.
ಹಾಗೇ ಬರೆದುಕೊಂಡರು.

ಮಾತ್ರೆ ಕೊಟ್ಟ ಮೇಲೆ ಬಾಯಿ ತೆರೆಸುತ್ತಾರೆ,
ನಾಲಿಗೆ ಎತ್ತಿಸಿ ಟಾರ್ಚು ಬಿಡುತ್ತಾರೆ.
ಇಲ್ಲಿ ಒಂದು ಗುಳಿಗೆಗೆ ಆರು ಬೀಡಿ ದರ.
ಕೆನ್ನೆಯ ಸಂದಿಯಲ್ಲಿ ಅಡಗಿಸಿಟ್ಟದ್ದು
ಮೂರನೆಯ ಬ್ಯಾರಕ್ಕಿನಲ್ಲಿ ಮಾರಾಟವಾದರೆ
ರಾತ್ರಿ ಇವನ ಮೈ ಬಿಲ್ಲಿನಂತೆ ಬಾಗಿ
ಹಲ್ಲಿನ ನಡುವೆ ನಾಲಿಗೆ ಸಿಕ್ಕುತ್ತದೆ. ನೋಡಿದ್ದೇನೆ,
ಒಬ್ಬನನ್ನು. ಹೆಸರು ಬೇಡ.

ನಾನು ಡಾಕ್ಟರಲ್ಲ. ಕೈಮಗ್ಗದ ಶೆಡ್ಡಿನವನು,
ಜಮಖಾನ ನೇಯುತ್ತೇನೆ, ಹನ್ನೊಂದು ವರ್ಷ ಆಯಿತು.
ರಾತ್ರಿ ನನ್ನ ಕೆಲಸ ಇಷ್ಟೆ: ಪಕ್ಕದಲ್ಲಿ ಕೂರುವುದು,
ಸ್ಟೀಲು ಲೋಟದ ತುಂಬ ನೀರು ಕೊಡುವುದು,
ಬಾಯಿ ತಲುಪುವಾಗ ಎಷ್ಟು ಉಳಿಯಿತು ನೋಡುವುದು.
ಸಿಸ್ಟರ ಚಾರ್ಟಿನಲ್ಲಿ ಬೇರೆ ಅಂಕಿಗಳಿವೆ.
ನನ್ನದು ಈ ಲೋಟ.

ಬುಧವಾರ ಗುಟುಕೂ ಉಳಿಯಲಿಲ್ಲ.
"ಅಣ್ಣೋ, ಇರುವೆ ಕಣಣ್ಣೋ, ಕಟ್ಟಿರುವೆ,
ಕಂಬ್ಳಿ ತುಂಬ! ತಗಿ, ತಗಿ!"
ಮೊದಮೊದಲು ನಾನೂ ಹೆಕ್ಕಿ ಎಸೆಯುತ್ತಿದ್ದೆ.
ಸುಳ್ಳಿಗೆ ಸಾಕ್ಷಿಯಾಗಬೇಡ ಅಂದಿದ್ದರು ಸಿಸ್ಟರು.
"ಇರುವೆ ಇಲ್ಲ ಕಣ್ಲಾ. ನಾನಿವ್ನಿ. ದೀಪ ಉರೀತಾ ಅದೆ.
ಇದು ಮೈಸೂರು ಜೈಲು. ಇವತ್ತು ಬುಧವಾರ."
ಗಂಟೆಗೆ ಇಪ್ಪತ್ತು ಸಲ ಹೇಳಿದೆ.
ಬುಧವಾರ ಮುಗಿಯಿತು,
ಗುರುವಾರ ಅಂದೆ.

ಎರಡೂವರೆಗೆ ಎದ್ದು ಕೂತ.
"ಸಿಂಹ ಕೂಗ್ತಾ ಅದೆ."
ಕಿವಿಗೊಟ್ಟೆ. ಊರು ಮಲಗಿದ ಮೇಲೆ
ಗಾಳಿ ಮೃಗಾಲಯದ ಕಡೆಯಿಂದ ತಿರುಗಿದಾಗ ಮಾತ್ರ
ಗೋಡೆ ಹತ್ತಿ ಬರುವ ದನಿ,
ತುಕ್ಕು ಹಿಡಿದ ಬಾಗಿಲನ್ನು ಯಾರೋ ಎಳೆದ ಹಾಗೆ.
"ಅದು ನಿಜ ಕಣ್ಲಾ. ಇರುವೆ ಸುಳ್ಳು, ಸಿಂಹ ನಿಜ.
ಝೂನಲ್ಲಿ. ಅದೂ ಒಳಗೇ ಅದೆ."
ನಕ್ಕ, ಮೂರು ದಿನದಲ್ಲಿ ಮೊದಲ ಸಲ.
ಆಮೇಲೆ ಅತ್ತ.

ನನಗೆ ಯಾರೂ ಕೂತಿರಲಿಲ್ಲ. ಆಗ ಈ ವಾರ್ಡೂ ಇರಲಿಲ್ಲ.
ಕೈಕಾಲು ಕಟ್ಟಿ ಒಂಟಿ ಸೆಲ್ಲಿಗೆ ಹಾಕಿದ್ದರು.
ನಾನು ಮಾಡಿದ್ದು ನನಗೆ ನೆನಪಿಲ್ಲ,
ಚಾರ್ಜ್‌ಶೀಟಿನಲ್ಲಿ ಓದಿ ತಿಳಿದೆ.
ಅವಳ ಹೆಸರಿನ ಕಾಗುಣಿತ ತಪ್ಪಿತ್ತು.
ಅದನ್ನು ತಿದ್ದಿ ಅಂದದ್ದೊಂದೇ
ಕೋರ್ಟಿನಲ್ಲಿ ನಾನಾಡಿದ ಮಾತು.

ಹನ್ನೆರಡನೆಯ ದಿನ ಬೋರಲಿಂಗನಿಗೆ ಬೇಲು ಬಂತು.
ಲೋಟದಲ್ಲಿ ಆಗ ಮುಕ್ಕಾಲು ಉಳಿಯುತ್ತಿತ್ತು.
ಇನ್ನೊಂದು ತಿಂಗಳು ಇಟ್ಟುಕೊಳ್ಳಿ ಎಂದು ಬೇಡಲು
ಜೈಲಿನಲ್ಲಿ ಯಾರಿಗೆ ಬಾಯಿ ಬರುತ್ತದೆ?
ಸಿಸ್ಟರು ಐದು ದಿನದ ಗುಳಿಗೆ ಪೊಟ್ಟಣ ಕಟ್ಟಿ
ಮಂಡ್ಯದ ಆಸ್ಪತ್ರೆಗೆ ಚೀಟಿ ಬರೆದರು,
"ಸೋಮವಾರ, ಹತ್ತು ಗಂಟೆ", ಕೆಳಗೆ ಎರಡು ಗೆರೆ.
ಗೇಟಿನಿಂದ ಬಸ್ ಸ್ಟ್ಯಾಂಡಿಗೆ ಏಳು ವೈನ್ ಶಾಪು,
ಬೆರಳು ಮಡಿಸಿ ಅವನೇ ಎಣಿಸಿದ.
"ಎಡಕ್ಕೆ ತಿರುಗಿದರೆ ನಾಲ್ಕೇ" ಅಂದ ಪುಟ್ಟಮಾದಯ್ಯ,
ಇಪ್ಪತ್ತು ವರ್ಷ ಆ ದಾರಿ ನಡೆದವನು.

ಆಮೇಲೆ ಸುದ್ದಿಯಿಲ್ಲ.
ಚೀಟಿ ತಲುಪಿತೋ, ಪೊಟ್ಟಣ ಮಾರಿದನೋ.
ಸೋಮವಾರ ಹತ್ತಕ್ಕೆ ಲಾಳಿ ನನ್ನ ಕೈಯಲ್ಲೇ ನಿಂತು
ಒಂದು ಎಳೆ ತಪ್ಪಿತು. ಬಿಚ್ಚಲಿಲ್ಲ.
ಯಾರ ಮನೆಯಲ್ಲೋ ಹಾಸಿಕೊಳ್ಳುತ್ತಾರೆ ಅದನ್ನು.

ಈ ರಾತ್ರಿ ಇನ್ನೊಬ್ಬ. ಹತ್ತೊಂಬತ್ತು ವಯಸ್ಸು,
ಕುಡಿತವಲ್ಲ, ಪಂಚರ್ ಅಂಗಡಿಯ ಸಲ್ಯೂಷನ್.
ಖಾಲಿ ಮುಷ್ಟಿ ಮೂಗಿಗೊತ್ತಿ
ಒಂದೇ ಸಮ ಉಸಿರೆಳೆಯುತ್ತಾನೆ.
ಹೆಸರು ಕೇಳಿದೆ, ಹೇಳಲಿಲ್ಲ.
ಲೋಟ ತೊಳೆದು ತುಂಬಿಸುತ್ತಿದ್ದೇನೆ.
ಗಾಳಿ ಇನ್ನೂ ಈ ಕಡೆ ತಿರುಗಿಲ್ಲ.