ತುಂಬು, ಹೊರಡು

ಸುಂಕದವರ ಮುಂದೆ ಸುಖದುಃಖ ಹೇಳಬೇಡ ಅನ್ನುತ್ತಾರೆ.
ಹೇಳುತ್ತಾರೆ, ಆದರೂ. ಇಪ್ಪತ್ತೆರಡು ವರ್ಷ
ಫ್ರೆಸ್ನೋದ ಸುತ್ತಮುತ್ತ ಲೆಕ್ಕ ತಪಾಸಣೆಗೆ ಅಲೆದವಳು ನಾನು,
ಕೇಳಿಸಿಕೊಂಡಿದ್ದೇನೆ: ಮೂಲವ್ಯಾಧಿ, ಸೊಸೆ, ಬಾವಿಯ ಮೋಟಾರು.
ಬರೆದುಕೊಳ್ಳಲು ಫಾರಂನಲ್ಲಿ ಜಾಗವಿಲ್ಲ, ಅಷ್ಟೆ.

ನಿಯಮ ಹೀಗಿತ್ತು. ನಗಬೇಡಿ, ನಾನು ಮಾಡಿದ್ದಲ್ಲ.
ತಂತ್ರಾಂಶ ತಂತಿಯೊಳಗೆ ಹರಿದು ಬಂದರೆ ತೆರಿಗೆಯಿಲ್ಲ.
ಡಿಸ್ಕಿನಲ್ಲಿ ಬಂದರೆ ಉಂಟು.
ಮಾರಿದವನೇ ಡಿಸ್ಕು ಹಿಡಿದು ಬಂದು
ನಿಮ್ಮ ಯಂತ್ರಕ್ಕೆ ತುಂಬಿ
ಅದನ್ನು ಜೇಬಿಗಿಟ್ಟುಕೊಂಡು ಹೋದರೆ, ಇಲ್ಲ.
ಮೇಜಿನ ಮೇಲೆ ಬಿಟ್ಟು ಹೋದನೋ, ಉಂಟು;
ಡಿಸ್ಕಿನ ಅರ್ಧ ಡಾಲರಿಗಲ್ಲ, ಪೂರ್ತಿ ಬೆಲೆಗೆ.
ಕಚೇರಿಯಲ್ಲಿ ಇದಕ್ಕೆ ‘ತುಂಬು, ಹೊರಡು’ ಎಂದು ಹೆಸರು.
ಕೈಗೆ ಸಿಕ್ಕಿದ್ದಕ್ಕಷ್ಟೇ ಕೈ ಹಾಕುವ ಸರ್ಕಾರ.

ಜನವರಿ. ಸೆಲ್ಮಾದಲ್ಲಿ ಮಂಜು ಕಾರಿನ ಮೂತಿಯನ್ನೂ ತಿಂದಿತ್ತು.
ತೋರೋಸ್ಯಾನ್ ಒಣದ್ರಾಕ್ಷಿ ಕಟ್ಟುವ ಶೆಡ್ಡು:
ಅಂಟುಸಿಹಿ ವಾಸನೆ, ತಗಡಿನಿಂದ ತೊಟ್ಟಿಕ್ಕುವ ಹನಿ.
ಅರಾಕ್ಸಿ ತೋರೋಸ್ಯಾನ್, ಎಪ್ಪತ್ತೊಂದು, ಮೈಮೇಲೆ ಗಂಡನ ಜಾಕೆಟ್ಟು,
ರಸೀದಿಗಳನ್ನು ಬೂಟಿನ ಡಬ್ಬಿಗಳಲ್ಲಿ ವರ್ಷವಾರು ಇಟ್ಟಿದ್ದಳು.
ತೂಕದ ಲೆಕ್ಕ, ಕೂಲಿಯ ಲೆಕ್ಕ, ತಂತ್ರಾಂಶ ಒಂದಕ್ಕೆ
ಹದಿನಾಲ್ಕು ಸಾವಿರ ಡಾಲರು.
ಮಾರಿದವನು ಲೀನೋ ಮೆದೈರೋಸ್, ಟುಲೇರಿ.
ಬಿಲ್ಲಿನ ಬುಡದಲ್ಲಿ ಅವನದೇ ಸಹಿ:
‘ಏನನ್ನೂ ಬಿಟ್ಟು ಹೋಗಿಲ್ಲ.’

ಸರಿ ಎಂದು ಗುರುತು ಹಾಕುವವಳಿದ್ದೆ.
ಆಕೆ ಕಾಫಿ ಕಪ್ಪು ಎತ್ತಿದಳು.
ಕೆಳಗೆ ಕಾಮನಬಿಲ್ಲು.
ಒಂದರ ಮೇಲೊಂದು ಕಂದು ಬಳೆಗಳು, ನಡುವೆ ನೀಲಿ ಮಾರ್ಕರಿನಲ್ಲಿ
‘ಕೆಟ್ಟರೆ ಫೋನ್ ಮಾಡಿ. ರಾತ್ರಿಯಾದರೂ ಪರವಾಗಿಲ್ಲ. ಲೀನೋ.’
ಒಂದು ನಂಬರು, ಕೊನೆಯ ಎರಡಂಕಿ ಕಾಫಿಯ ಪಾಲು.

‘ಬಾಗಿಲವರೆಗೂ ಹೋಗಿದ್ದ. ರಾತ್ರಿ ಕೆಟ್ಟರೆ ಏನು ಮಾಡಲಿ ಅಂದೆ.
ವಾಪಸು ಬಂದು ಬರೆದು ಇಟ್ಟ.’
ಮಾಡಿದಿರಾ, ಅಂದೆ. ಯಾಕೆ ಕೇಳಿದೆನೋ.
‘ಮೂರು ಸಲ. ಒಮ್ಮೆ ರಾತ್ರಿ ಎರಡಕ್ಕೆ, ಬೆಳಗಾದರೆ ಬಟವಾಡೆ.
ಪೈಜಾಮದ ಮೇಲೆ ಕೋಟು ಹಾಕಿಕೊಂಡು ಬಂದಿದ್ದ.
ನಾಲ್ಕನೆಯ ಸಲ ಎತ್ತಿದ್ದು ಅವನ ತಂಗಿ.
ಇಂಥದೇ ಮಂಜು. ತೊಂಬತ್ತೊಂಬತ್ತನೇ ಹೆದ್ದಾರಿ. ಹದಿನೇಳು ಗಾಡಿ.’

ಆಚೆ ಜರಡಿ ಅಲುಗುತ್ತಿತ್ತು.
ಪೆನ್ನಿನ ಮುಚ್ಚಳ ಹಾಕಿದೆ, ಮತ್ತೆ ತೆಗೆದೆ. ಅಂದೆ,
ಇಪ್ಪತ್ತೆರಡು ವರ್ಷದಲ್ಲಿ ಅದೊಂದೇ ಸಲ ಅಂದೆ,
‘ಇದು ಕಪ್ಪಿಡುವ ಬಿಲ್ಲೆ ಅಲ್ಲವೆ, ಮಿಸೆಸ್ ತೋರೋಸ್ಯಾನ್?
ಮನೆಯಿಂದ ತಂದದ್ದು?’

ಹುಳುಕು ದ್ರಾಕ್ಷಿಯನ್ನು ನೋಡುವ ಹಾಗೆ ನನ್ನನ್ನು ನೋಡಿದಳು.
ಜಾಕೆಟ್ಟಿನ ತೋಳಿನಿಂದ ಡಿಸ್ಕು ಒರೆಸಿದಳು.
‘ಅಲ್ಲ. ಅವನು ಬಿಟ್ಟು ಹೋದದ್ದು.
ಎಷ್ಟಾಯಿತು?’

ಸಾವಿರದ ನೂರು ಚಿಲ್ಲರೆ, ಬಡ್ಡಿ ಬೇರೆ.
ಚೆಕ್ಕು ಬರೆದಳು. ಯಾತಕ್ಕೆ ಎಂಬ ಸಾಲಿನಲ್ಲಿ
‘ಲೀನೋ’ ಎಂದು ಬರೆದು, ಹೊಡೆದುಹಾಕಿ,
‘ಬಳಕೆ ತೆರಿಗೆ’ ಎಂದು ತಿದ್ದಿದಳು.

ಈಗ ಎಲ್ಲವೂ ಮೇಲಿನಿಂದ ಇಳಿಯುತ್ತದೆ. ಯಾರೂ ಬರುವುದಿಲ್ಲ,
ಬಾಗಿಲಿನಿಂದ ಯಾರೂ ತಿರುಗುವುದಿಲ್ಲ.
ನನ್ನ ಕೆಲಸ ಹಗುರಾಗಿದೆ.
ಕಳೆದ ತಿಂಗಳು ಹಳೆಯ ಕಡತ ಸ್ಕ್ಯಾನಿಗೆ ತೆಗೆದಾಗ
ಎರಡು ಹಾಳೆ ಅಂಟಿಕೊಂಡಿದ್ದವು.
ಬಿಡಿಸಿದರೆ ಒಂದು ಒಣದ್ರಾಕ್ಷಿ, ಚಪ್ಪಟೆಯಾಗಿ.
ಉಡುಗೊರೆ ಮುಟ್ಟುವಂತಿಲ್ಲ ನಾವು. ಆಕೆ ಕೊಟ್ಟ ನೆನಪೂ ಇಲ್ಲ.
ಕೆರೆದು ತೆಗೆಯದೆ ಹಾಗೇ ಗಾಜಿನ ಮೇಲಿಟ್ಟೆ.
ಪರದೆಯಲ್ಲಿ ಹದಿಮೂರನೆಯ ಪುಟ, ಕಪ್ಪು ಚುಕ್ಕೆ.
ಹೊಸದಾಗಿ ಸೇರಿದ ಹುಡುಗ ಬಗ್ಗಿ ನೋಡಿ ಕೇಳಿದ, ಶಾಯಿಯಾ?
ಹೌದು, ಅಂದೆ.